ಸಹಾಯಾರ್ಥ ರೋಯಿಂಗ್ ಯಂತ್ರ ಮ್ಯಾರಥಾನ್: ಸಣ್ಣ ಊರಿನ ಸಂಘಟಕರು ಮತ್ತು ಸ್ಪರ್ಧಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಸಂಘಟಕರ ಮೇಜಿನ ಹಿಂದೆ ಹಲವು ಬಾರಿ ಕುಳಿತಿದ್ದೇನೆ, ಯಂತ್ರದ ಮೇಲೆ ಪೂರ್ತಿ ದೂರ ಒಮ್ಮೆ ಕುಳಿತಿದ್ದೇನೆ. ಎರಡೂ ಕಡೆಯಿಂದ ಕೇಳಿಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವಕ್ಕೆ ಒಂದೇ ಸಾಲಿನ ಉತ್ತರ ಸಾಕು, ಕೆಲವಕ್ಕೆ ಸಾಲದು.

ರೋಯಿಂಗ್ ಯಂತ್ರದ ಮ್ಯಾರಥಾನ್ ಎಂದರೆ ಏನು?

ದೋಣಿಯಲ್ಲಿ ಹುಟ್ಟು ಹಾಕುವಾಗ ಮೈ ಹೇಗೆ ಚಲಿಸುತ್ತದೆಯೋ ಅದನ್ನೇ ನೆಲದ ಮೇಲೆ ಮಾಡಿಸುವ ಯಂತ್ರ ಇದು. ಹಳಿಯ ಮೇಲೆ ಹಿಂದೆ ಮುಂದೆ ಜಾರುವ ಸೀಟು, ಪಾದ ಊರಲು ಎರಡು ಪಟ್ಟಿ, ಸರಪಳಿಗೆ ಕಟ್ಟಿದ ಹಿಡಿಕೆ, ಆ ಸರಪಳಿ ತಿರುಗಿಸುವ ಒಂದು ಗಾಲಿ. ಎದುರಿನ ಸಣ್ಣ ಪರದೆ ಪ್ರತಿ ಎಳೆತವನ್ನೂ ಮೀಟರಿಗೆ ಬದಲಿಸಿ ತೋರಿಸುತ್ತದೆ. ಮ್ಯಾರಥಾನಿನ ದಿನ ಆ ಪರದೆ 42,195ರಿಂದ ಶುರುವಾಗಿ ಸೊನ್ನೆಯ ಕಡೆಗೆ ಇಳಿಯುತ್ತದೆ. ಓಟದ ಮ್ಯಾರಥಾನಿಗೆ 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಬಂದು, 1921ರಲ್ಲಿ ಅಧಿಕೃತವಾದ ದೂರವೇ ಇದು. ಒಳಾಂಗಣ ರೋಯಿಂಗ್ ಸ್ಪರ್ಧೆಗಳ ಸಾಮಾನ್ಯ ದೂರ 2,000 ಮೀಟರ್ ಎಂಬುದನ್ನು ನೆನೆದರೆ ಇದು ಎಂಥ ಹಾದಿ ಎಂದು ತಿಳಿಯುತ್ತದೆ: ಅದರ ಇಪ್ಪತ್ತೊಂದು ಪಟ್ಟು.

ಸಹಾಯಾರ್ಥ ಎಂದಾಗ ಈ ಮೀಟರುಗಳಿಗೆ ಇನ್ನೊಂದು ಲೆಕ್ಕವೂ ಸೇರುತ್ತದೆ. ಒಬ್ಬರು ಎಳೆಯುತ್ತಾರೆ, ಆ ಎಳೆತದ ಹೆಸರಿನಲ್ಲಿ ಇನ್ನೊಬ್ಬರು ಕೊಡುತ್ತಾರೆ, ಅದು ಮೂರನೆಯವರಿಗೆ ತಲುಪುತ್ತದೆ. ಈ ಮೂವರಲ್ಲಿ ಯಾರಿಗೂ ಲೆಕ್ಕ ತಪ್ಪಬಾರದು. ಮುಂದೆ ಬರುವ ಉತ್ತರಗಳೆಲ್ಲ ಈ ಒಂದು ಕಾಳಜಿಯಿಂದಲೇ ಹುಟ್ಟಿವೆ.

ನದಿ, ಕೆರೆ, ದೋಣಿ ಬೇಕೇ? ನನಗೆ ಈಜು ಬರುವುದಿಲ್ಲ.

ಯಾವುದೂ ಬೇಡ. ಸಮತಟ್ಟಾದ ನೆಲವೊಂದು ಸಾಕು.

ಇಂಥ ಯಂತ್ರವನ್ನು ಮೊದಲು ಯಾರು ಮಾಡಿದರು?

ನೆಲದ ಮೇಲೆ ಹುಟ್ಟು ಹಾಕಿ ಕಲಿಯುವ ಯೋಚನೆ ಬಹಳ ಹಳೆಯದು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಅಥೆನ್ಸಿನ ಸೇನಾನಿ ಕಬ್ರಿಯಾಸ್ ಹೊಸ ಹುಟ್ಟುಗಾರರನ್ನು ಹಡಗು ಹತ್ತಿಸುವ ಮೊದಲು ದಡದಲ್ಲಿ ಮರದ ಚೌಕಟ್ಟುಗಳ ಮೇಲೆ ಕೂರಿಸಿ ಕಲಿಸಿದನೆಂಬ ಉಲ್ಲೇಖವಿದೆ. ಇಂದು ಹೆಚ್ಚಿನ ವ್ಯಾಯಾಮಶಾಲೆಗಳಲ್ಲಿ ಕಾಣುವ ಗಾಳಿಚಕ್ರದ ಯಂತ್ರದ ಮೂಲ ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿದೆ. ಹುಟ್ಟು ತಯಾರಿಸುತ್ತಿದ್ದ ಡ್ರೈಸಿಗ್ಯಾಕರ್ ಸಹೋದರರು ಸೈಕಲ್ ಚಕ್ರವೊಂದನ್ನು ಬಳಸಿ 1981ರಲ್ಲಿ ಕಾನ್ಸೆಪ್ಟ್2 ಕಂಪನಿಯ ಮೊದಲ ಮಾದರಿಯನ್ನು ಹೊರತಂದರು. ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟಿದಾಗ ಅಭ್ಯಾಸ ನಿಲ್ಲಬಾರದೆಂಬ ಅಗತ್ಯಕ್ಕೆ ಅದು ಒದಗಿಬಂತು. ಇಂದು ನದಿಯನ್ನೇ ನೋಡದವರೂ ಅದರ ಮೇಲೆ ಕೂರುತ್ತಾರೆ.

ಪೂರ್ತಿ ದೂರ ಮುಗಿಸಲು ಎಷ್ಟು ಹೊತ್ತು ಬೇಕು?

ಪರದೆಯ ಮೇಲೆ ವೇಗವನ್ನು '500 ಮೀಟರಿಗೆ ಇಷ್ಟು ನಿಮಿಷ' ಎಂದು ತೋರಿಸುತ್ತಾರೆ. 500 ಮೀಟರಿಗೆ 2 ನಿಮಿಷದಂತೆ ಕೊನೆಯವರೆಗೂ ಹೋದರೆ 2 ಗಂಟೆ 49 ನಿಮಿಷ ಹಿಡಿಯುತ್ತದೆ. 2 ನಿಮಿಷ 15 ಸೆಕೆಂಡಿನ ವೇಗಕ್ಕೆ 3 ಗಂಟೆ 10 ನಿಮಿಷ. 2 ನಿಮಿಷ 30 ಸೆಕೆಂಡಿನದಕ್ಕೆ 3 ಗಂಟೆ 31 ನಿಮಿಷ. 3 ನಿಮಿಷದ ನಿಧಾನಗತಿಗೆ 4 ಗಂಟೆ 13 ನಿಮಿಷ. ನೀರು ಕುಡಿಯಲು, ಕಾಲು ಸಡಿಲಿಸಲು ನಿಂತ ಸಮಯ ಇದರ ಮೇಲೆ ಸೇರುತ್ತದೆ, ಏಕೆಂದರೆ ನೀವು ನಿಂತರೂ ಗಡಿಯಾರ ನಿಲ್ಲುವುದಿಲ್ಲ.

ಸಂಘಟಕರು ಸಭಾಂಗಣವನ್ನು ಕನಿಷ್ಠ ಏಳು ಗಂಟೆಗಳಿಗೆ ಕಾದಿರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಯಂತ್ರ ಜೋಡಿಸಲು ಒಂದು ಗಂಟೆ, ತೆಗೆಯಲು ಒಂದು ಗಂಟೆ, ನಡುವಿನ ಐದು ಗಂಟೆ ಹುಟ್ಟು ಹಾಕುವವರದು.

ಮೊದಲ ಅರ್ಧ ಗಂಟೆ ಬಿರುಸಾಗಿ ಹೋಗಿ ಆಮೇಲೆ ನಿಧಾನ ಮಾಡಿದರೆ ಆಗದೇ?

ಆಗುವುದಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಅತಿ ಹೆಚ್ಚು ಜನ ಸೋಲುವುದು ಇಲ್ಲೇ.

ಗಾಳಿಚಕ್ರದ ಯಂತ್ರದಲ್ಲಿ ವೇಗಕ್ಕೆ ತಕ್ಕಂತೆ ಶ್ರಮ ಏರುವುದಿಲ್ಲ, ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 500 ಮೀಟರಿಗೆ 3 ನಿಮಿಷದ ವೇಗಕ್ಕೆ ಬೇಕಾದದ್ದು 60 ವಾಟ್. ಎರಡೂವರೆ ನಿಮಿಷಕ್ಕೆ ಇಳಿಸಲು 104 ವಾಟ್ ಬೇಕು. 2 ನಿಮಿಷಕ್ಕೆ 203 ವಾಟ್. ಮೂರು ನಿಮಿಷವನ್ನು ಅರ್ಧಕ್ಕೆ ಇಳಿಸಿ ಒಂದೂವರೆ ನಿಮಿಷ ಮಾಡಲು ಎರಡು ಪಟ್ಟು ಅಲ್ಲ, ಎಂಟು ಪಟ್ಟು, ಅಂದರೆ 480 ವಾಟ್ ಬೇಕು. ವೇಗ ಶೇಕಡಾ 10ರಷ್ಟು ಹೆಚ್ಚಬೇಕಾದರೆ ಶ್ರಮ ಶೇಕಡಾ 33ರಷ್ಟು ಹೆಚ್ಚುತ್ತದೆ. ಹೀಗಾಗಿ ಮೊದಲಲ್ಲಿ ಉಳಿಸಿದ ಒಂದು ನಿಮಿಷಕ್ಕೆ ಕೊನೆಯಲ್ಲಿ ಐದಾರು ನಿಮಿಷ ತೆರಬೇಕಾಗುತ್ತದೆ.

ನಾನು ಇದನ್ನು ತಿಳಿದೂ ತಪ್ಪಿದೆ. ಅಕ್ಕಪಕ್ಕದ ಯಂತ್ರಗಳ ಸದ್ದು, ಎದುರಿಗೆ ಚಪ್ಪಾಳೆ, ಬಲಗಡೆಯವರ ಪರದೆಯಲ್ಲಿ ನನಗಿಂತ ಚಿಕ್ಕ ಅಂಕಿ. ಮೊದಲ 10,000 ಮೀಟರ್ ನನ್ನದಲ್ಲದ ವೇಗದಲ್ಲಿ ಹೋಯಿತು. 28,000 ದಾಟುವಾಗ ತೊಡೆಗಳು ಮಾತು ಕೇಳುವುದನ್ನು ನಿಲ್ಲಿಸಿದವು. ಉಳಿದ ಹದಿನಾಲ್ಕು ಸಾವಿರ ಮೀಟರನ್ನು ಐದೈದು ನೂರರ ತುಂಡು ಮಾಡಿಕೊಂಡು, ಪ್ರತಿ ತುಂಡನ್ನೂ ನನಗಾಗಿ ಕೊಟ್ಟ ಒಬ್ಬೊಬ್ಬರ ಹೆಸರಿಗೆ ಕಟ್ಟಿ ಮುಗಿಸಿದೆ. ಹೆಸರುಗಳು ಸಾಲದೆ ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು.

ಒಂದು ಸುಲಭ ಅಳತೆ ಇದೆ. ಮೊದಲ ಒಂದು ಗಂಟೆ ಪಕ್ಕದವರೊಡನೆ ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಆಗುತ್ತಿರಬೇಕು. ಆಗದಿದ್ದರೆ ನೀವು ಬಿರುಸಾಗಿದ್ದೀರಿ.

ಗಾಲಿಯ ಪಕ್ಕದ ಸನ್ನೆಯನ್ನು 10ಕ್ಕೆ ಇಡಬೇಕೇ?

ಬೇಡ. ಡ್ಯಾಂಪರ್ ಎನ್ನುವ ಆ ಸನ್ನೆ ಗಾಲಿಯ ಗೂಡಿಗೆ ಎಷ್ಟು ಗಾಳಿ ಹೋಗಬೇಕೆಂದು ನಿರ್ಧರಿಸುತ್ತದೆ. ಹೆಚ್ಚು ಗಾಳಿ ಹೋದರೆ ಗಾಲಿ ಬೇಗ ನಿಧಾನವಾಗುತ್ತದೆ, ಪ್ರತಿ ಎಳೆತವೂ ಭಾರವಾದ ದೋಣಿಯನ್ನು ಎಳೆದಂತೆ ಇರುತ್ತದೆ. ಪರದೆ ಎರಡು ಎಳೆತಗಳ ನಡುವೆ ಗಾಲಿ ಎಷ್ಟು ಬೇಗ ನಿಧಾನವಾಯಿತು ಎಂದು ಅಳೆದು, ಅದನ್ನು ಲೆಕ್ಕಕ್ಕೆ ಹಿಡಿದೇ ಮೀಟರ್ ಕೊಡುತ್ತದೆ. ಆದ್ದರಿಂದ 10ರಲ್ಲಿಟ್ಟವರಿಗೆ ಹೆಚ್ಚಿನ ಮೀಟರ್ ದಾನವಾಗಿ ಸಿಗುವುದಿಲ್ಲ, ಸೊಂಟಕ್ಕೆ ಹೆಚ್ಚಿನ ಭಾರ ಮಾತ್ರ ಸಿಗುತ್ತದೆ. 3ರಿಂದ 5ರ ನಡುವೆ ಇಡಿ. ಧೂಳು ತುಂಬಿದ ಹಳೆಯ ಯಂತ್ರದಲ್ಲಿ 5 ಎಂದರೆ ಹೊಸದರ 3ಕ್ಕೆ ಸಮವಾಗಿರಬಹುದು. ಹಾಗಾಗಿ ಪರದೆಯ ಪಟ್ಟಿಯಲ್ಲಿ 'ಡ್ರ್ಯಾಗ್ ಫ್ಯಾಕ್ಟರ್', ಅಂದರೆ ಗಾಲಿ ಎಷ್ಟು ಬೇಗ ನಿಧಾನವಾಗುತ್ತದೆ ಎಂಬುದರ ಅಂಕಿಯನ್ನು, ತೆರೆದು ನೋಡುವುದು ಒಳ್ಳೆಯದು. 110ರಿಂದ 130ರ ನಡುವೆ ಬಂದರೆ ಬಹುತೇಕರಿಗೆ ಸರಿಹೋಗುತ್ತದೆ.

ಸರಿಯಾಗಿ ಎಳೆಯುವುದು ಹೇಗೆ?

ಇದು ಕೈಯ ಕೆಲಸವೆಂದು ತಿಳಿದು ಬರುವವರು ಇಪ್ಪತ್ತು ನಿಮಿಷದಲ್ಲಿ ತೋಳು ಸೋತು ನಿಲ್ಲುತ್ತಾರೆ. ಇದು ಕಾಲಿನ ಕೆಲಸ. ಮುಂದೆ ಜಾರಿ, ಮೊಣಕಾಲು ಮಡಿಸಿ, ತೋಳು ನೇರವಾಗಿ ಚಾಚಿ ಶುರುಮಾಡಿ. ಮೊದಲು ಪಾದದಿಂದ ಒತ್ತಿ ಕಾಲು ನೀಡಿ. ಕಾಲು ಬಹುತೇಕ ನೇರವಾದ ಮೇಲೆ ಸೊಂಟದಿಂದ ಮೈಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ. ಕೊನೆಗೆ ಮಾತ್ರ ತೋಳು ಮಡಿಸಿ ಹಿಡಿಕೆಯನ್ನು ಪಕ್ಕೆಲುಬಿನ ಕೆಳಗೆ ತನ್ನಿ. ಹಿಂತಿರುಗುವಾಗ ಇದೇ ಕ್ರಮ ತಿರುಗುಮುರುಗು: ತೋಳು, ಮೈ, ಕಾಲು. ಎಳೆಯಲು ಎಷ್ಟು ಹೊತ್ತು ತೆಗೆದುಕೊಂಡಿರೋ ಅದರ ಎರಡರಷ್ಟು ಹೊತ್ತು ಮರಳಲು ತೆಗೆದುಕೊಳ್ಳಿ. ಆ ಮರಳುವಿಕೆಯಲ್ಲಿಯೇ ಉಸಿರಾಟ, ಅಲ್ಲಿಯೇ ವಿಶ್ರಾಂತಿ.

ನಿಮಿಷಕ್ಕೆ 18ರಿಂದ 22 ಎಳೆತ ಸಾಕು. ಎರಡೂವರೆ ನಿಮಿಷದ ವೇಗದಲ್ಲಿ ನಿಮಿಷಕ್ಕೆ 20 ಎಳೆತವೆಂದರೆ ಒಂದು ಎಳೆತಕ್ಕೆ 10 ಮೀಟರ್, ಪೂರ್ತಿ ದೂರಕ್ಕೆ ಸುಮಾರು 4,220 ಎಳೆತ. ಬೆನ್ನು ಗೂನಾಗಿಸಿ ನಾಲ್ಕು ಸಾವಿರ ಬಾರಿ ಎಳೆದರೆ ಮರುದಿನ ಏನಾದೀತೆಂದು ಯೋಚಿಸಿ. ನೋಂದಣಿಯ ದಿನವೇ ಪ್ರತಿಯೊಬ್ಬರನ್ನೂ ಐದು ನಿಮಿಷ ಯಂತ್ರದ ಮೇಲೆ ಕೂರಿಸಿ, ತಿಳಿದವರೊಬ್ಬರು ಪಕ್ಕದಿಂದ ನೋಡಿ ತಿದ್ದಿದರೆ ಅರ್ಧ ತೊಂದರೆ ಅಲ್ಲೇ ಕಳೆಯುತ್ತದೆ.

ಒಬ್ಬರೇ ಪೂರ್ತಿ ಮಾಡಬೇಕೇ, ತಂಡವಾಗಿ ಹಂಚಿಕೊಳ್ಳಬಹುದೇ?

ಎರಡಕ್ಕೂ ಅವಕಾಶವಿಡಿ, ಆದರೆ ಸಣ್ಣ ಊರಿನ ಕಾರ್ಯಕ್ರಮದ ಜೀವ ಇರುವುದು ತಂಡಗಳಲ್ಲಿ. ಒಂಟಿಯಾಗಿ 42,195 ಮೀಟರ್ ಎಳೆಯಬಲ್ಲವರು ಊರಿಗೆ ಬೆರಳೆಣಿಕೆಯಷ್ಟು. 500 ಮೀಟರ್ ಎಳೆಯಬಲ್ಲವರು ಪ್ರತಿ ಮನೆಯಲ್ಲಿಯೂ ಇದ್ದಾರೆ.

ನನಗೆ ಅತ್ಯಂತ ಹಿಡಿಸಿದ ಏರ್ಪಾಟು ಹತ್ತು ಜನರಿಗೆ ಒಂದು ಯಂತ್ರ, ಸರದಿಗೆ 500 ಮೀಟರ್. ಪೂರ್ತಿ ದೂರಕ್ಕೆ 84 ಸರದಿ ಆಗಿ ಕೊನೆಗೆ 195 ಮೀಟರಿನ ಒಂದು ತುಂಡು ಉಳಿಯುತ್ತದೆ. ಪ್ರತಿಯೊಬ್ಬರಿಗೂ ಎಂಟು ಸರದಿ, ಮೊದಲ ನಾಲ್ವರಿಗೆ ಒಂಬತ್ತನೆಯದು, ಐದನೆಯವರಿಗೆ ಆ ಕೊನೆಯ ತುಂಡು. ಎರಡೂವರೆ ನಿಮಿಷ ಎಳೆದವರಿಗೆ ಇಪ್ಪತ್ತೆರಡೂವರೆ ನಿಮಿಷದ ವಿರಾಮ. ಆ 195 ಮೀಟರನ್ನು ತಂಡದ ಅತಿ ಕಿರಿಯರಿಗೋ ಅತಿ ಹಿರಿಯರಿಗೋ ಮೀಸಲಿಡಿ. ಸೊನ್ನೆ ಬರುವ ಕ್ಷಣದಲ್ಲಿ ಉಳಿದ ಒಂಬತ್ತು ಜನ ಅವರ ಸುತ್ತ ನಿಂತಿರುತ್ತಾರೆ, ಅದನ್ನು ಕಣ್ಣಾರೆ ಕಂಡವರು ಮರುವರ್ಷ ತಾವಾಗಿಯೇ ಹೆಸರು ಕೊಡುತ್ತಾರೆ.

ಆಳು ಬದಲಾಗುವ ಸಮಯವನ್ನು ಮರೆಯಬೇಡಿ. ಒಂದು ಬದಲಾವಣೆಗೆ 10 ಸೆಕೆಂಡ್ ಹಿಡಿದರೂ 84 ಬದಲಾವಣೆಗೆ 14 ನಿಮಿಷ. ಪಾದದ ಪಟ್ಟಿಯನ್ನು ಬಿಗಿಯಾಗಿ ಕಟ್ಟದೆ ಸಡಿಲವಾಗಿ ಬಿಟ್ಟು, ಇಳಿಯುವವರು ಒಂದು ಬದಿಯಿಂದ, ಹತ್ತುವವರು ಇನ್ನೊಂದು ಬದಿಯಿಂದ ಎಂದು ಮೊದಲೇ ಗೊತ್ತುಮಾಡಿ. ಹಿಡಿಕೆಯನ್ನು ಕೈಬಿಟ್ಟರೆ ಸರಪಳಿ ಅದನ್ನು ರಭಸದಿಂದ ಗಾಲಿಯ ಗೂಡಿನತ್ತ ಎಳೆದೊಯ್ದು ಅಪ್ಪಳಿಸುತ್ತದೆ. ಅದನ್ನು ಕೊಕ್ಕೆಗೆ ಇಟ್ಟೇ ಏಳಬೇಕೆಂದು ಎಲ್ಲರಿಗೂ ಕಲಿಸಿ.

ಒಂಟಿಯಾಗಿ ಪೂರ್ತಿ ಮಾಡಬೇಕೆಂದಿದ್ದೇನೆ. ತಯಾರಿ ಹೇಗೆ?

ಕನಿಷ್ಠ ಮೂರು ತಿಂಗಳು ಕೊಡಿ. ವಾರಕ್ಕೆ ಮೂರು ನಾಲ್ಕು ದಿನ ಕುಳಿತರೆ ಸಾಕು, ಅದರಲ್ಲಿ ಒಂದು ದಿನ ದೀರ್ಘ ಹಾದಿ. 8,000 ಅಥವಾ 10,000 ಮೀಟರಿನಿಂದ ಶುರುಮಾಡಿ, ಎರಡು ವಾರಕ್ಕೊಮ್ಮೆ ಎರಡು ಮೂರು ಸಾವಿರ ಸೇರಿಸುತ್ತ, ನಡುವೆ ಒಂದು ವಾರ ಕಡಿಮೆ ಮಾಡುತ್ತ ಅರ್ಧ ಮ್ಯಾರಥಾನಿಗೆ, ಅಂದರೆ 21,097 ಮೀಟರಿಗೆ ಬನ್ನಿ. ಅದನ್ನು ಮುಗಿಸಿ ಎದ್ದು ಮನೆಗೆಲಸ ಮಾಡುವಷ್ಟು ಕಸುವು ಉಳಿದಿದ್ದರೆ ನೀವು ಸರಿದಾರಿಯಲ್ಲಿದ್ದೀರಿ. ಒಮ್ಮೆ 28,000ದಿಂದ 30,000 ಮುಟ್ಟಿ ನೋಡಿ. ಪೂರ್ತಿ ದೂರವನ್ನು ಅಭ್ಯಾಸದಲ್ಲಿ ಮಾಡುವ ಅಗತ್ಯವಿಲ್ಲ. ಕೊನೆಯ ಹತ್ತು ದಿನ ಕಡಿಮೆ ಮಾಡಿ.

ಅರ್ಧ ಮ್ಯಾರಥಾನನ್ನು ಒಮ್ಮೆಯೂ ಮುಗಿಸದವರನ್ನು ಒಂಟಿ ವಿಭಾಗಕ್ಕೆ ಸೇರಿಸಿಕೊಳ್ಳಬಾರದೆಂದು ಸಂಘಟಕರಿಗೆ ನನ್ನ ಮನವಿ. ಒಳ್ಳೆಯ ಕೆಲಸಕ್ಕಾಗಿ ಎಂಬ ಹುಮ್ಮಸ್ಸು ಸ್ನಾಯುಗಳಿಗೆ ತಿಳಿಯುವುದಿಲ್ಲ.

ಅಂಗೈ ಮತ್ತು ಕೂರುವ ಭಾಗದ ನೋವಿಗೆ ಏನು ಮಾಡುವುದು?

ಮ್ಯಾರಥಾನನ್ನು ಅರ್ಧಕ್ಕೆ ಬಿಟ್ಟವರನ್ನು ಕೇಳಿದರೆ ಉಸಿರಿಗಿಂತ ಹೆಚ್ಚಾಗಿ ಇವೆರಡನ್ನೇ ಹೇಳುತ್ತಾರೆ. ಹಿಡಿಕೆಯನ್ನು ಮುಷ್ಟಿಯಲ್ಲಿ ಅದುಮಬೇಡಿ, ಬೆರಳುಗಳ ಕೊಕ್ಕೆಯಲ್ಲಿ ನೇತುಹಾಕಿದಂತೆ ಹಿಡಿಯಿರಿ. ಬೊಬ್ಬೆ ಏಳುವ ಜಾಗ ಅಭ್ಯಾಸದಲ್ಲೇ ಗೊತ್ತಾಗಿರುತ್ತದೆ, ಅಲ್ಲಿಗೆ ಮೊದಲೇ ಬಟ್ಟೆಯ ಅಂಟುಪಟ್ಟಿ ಸುತ್ತಿ. ಕೈ ಒರೆಸಲು ಒಣ ಬಟ್ಟೆ ಎಟುಕುವಂತಿರಲಿ. ಬೊಬ್ಬೆ ಒಡೆದು ರಕ್ತ ಬಂದರೆ ನಿಲ್ಲಿಸಿ, ತೊಳೆದು, ಕಟ್ಟಿ ಮುಂದುವರಿಯಿರಿ. ಹಿಡಿಕೆಯನ್ನೂ ಕ್ರಿಮಿನಾಶಕದಿಂದ ಒರೆಸಲೇಬೇಕು, ತಂಡಗಳಲ್ಲಿ ಹತ್ತು ಕೈ ಅದನ್ನೇ ಹಿಡಿಯುತ್ತವೆ.

ಸೀಟಿನ ಮೇಲೆ ತೆಳುವಾದ ಮೆತ್ತೆ ಹಾಕಬಹುದು. ದಪ್ಪ ಮೆತ್ತೆ ಜಾರುತ್ತದೆ. ಹೊಲಿಗೆ ಉಬ್ಬಿದ ಬಟ್ಟೆ ಬೇಡ, ಜೋಲುವ ಅಂಗಿಯೂ ಬೇಡ: ಅಂಗಿಯ ತುದಿ ಸೀಟಿನ ಗಾಲಿಗೆ ಸಿಕ್ಕಿಕೊಳ್ಳುತ್ತದೆ. ಅರ್ಧ ಗಂಟೆಗೊಮ್ಮೆ ಇಪ್ಪತ್ತು ಸೆಕೆಂಡ್ ಎದ್ದು ನಿಲ್ಲಿ. ಕಾಲು ಜೋಮು ಹಿಡಿದರೆ ಪಾದದ ಪಟ್ಟಿ ಸಡಿಲಿಸಿ. ಆ ಇಪ್ಪತ್ತು ಸೆಕೆಂಡ್ ನಷ್ಟವಲ್ಲ.

ನಡುವೆ ಏನು ಕುಡಿಯಬೇಕು, ಎಷ್ಟು ತಿನ್ನಬೇಕು?

ಮೂರು ನಾಲ್ಕು ಗಂಟೆಯ ಶ್ರಮಕ್ಕೆ ಬರೀ ನೀರು ಸಾಲದು. ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆಯಂಶ, ಪಾನೀಯದಲ್ಲೋ ಹಣ್ಣಿನಲ್ಲೋ, ಸ್ವಲ್ಪ ಉಪ್ಪಿನೊಡನೆ. ನೀರನ್ನು ಬಾಯಾರಿಕೆಗೆ ತಕ್ಕಷ್ಟು ಗುಟುಕು ಗುಟುಕಾಗಿ. ಒಳಾಂಗಣದಲ್ಲಿ ಬೆವರು ಸುರಿಯುವುದನ್ನು ಕಂಡು ಹೆದರಿ ಲೀಟರುಗಟ್ಟಲೆ ನೀರು ಕುಡಿಸುವ ಸ್ವಯಂಸೇವಕರಿದ್ದಾರೆ. ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಇಳಿದು ಅಪಾಯವಾಗುತ್ತದೆ. ಅಭ್ಯಾಸದಲ್ಲಿ ತಿಂದು ನೋಡದ ಯಾವುದನ್ನೂ ಆ ದಿನ ತಿನ್ನಬೇಡಿ.

ಪರದೆ ತೋರಿಸುವ ಕ್ಯಾಲರಿ ಅಂಕಿಯನ್ನು ನೋಡಿ ಊಟದ ಲೆಕ್ಕ ಹಾಕಬೇಡಿ. ಸುಮಾರು 79 ಕಿಲೋ ತೂಕದ ವ್ಯಕ್ತಿ ಕುಳಿತಿದ್ದಾನೆಂದು ಊಹಿಸಿ ಕೊಟ್ಟ ಅಂಕಿ ಅದು.

ಯಾರು ಕೂರಬಾರದು? ಯಾವಾಗ ನಿಲ್ಲಿಸಬೇಕು?

ಹೃದಯದ ತೊಂದರೆ, ಹತೋಟಿಯಲ್ಲಿಲ್ಲದ ರಕ್ತದೊತ್ತಡ, ಬೆನ್ನುಹುರಿಯ ಡಿಸ್ಕ್ ಸಮಸ್ಯೆ, ಇತ್ತೀಚಿನ ಶಸ್ತ್ರಚಿಕಿತ್ಸೆ ಇದ್ದವರು, ಗರ್ಭಿಣಿಯರು ತಮ್ಮ ವೈದ್ಯರನ್ನು ಕೇಳದೆ 500 ಮೀಟರಿಗೂ ಕೂರಬಾರದು. ಜ್ವರ ಇರುವ ದಿನ ಯಾರೂ ಬೇಡ.

ಎದೆನೋವು, ತಲೆಸುತ್ತು, ಬೆವರು ನಿಂತು ಚಳಿ, ಗೊಂದಲದ ಮಾತು ಕಂಡರೆ ತಕ್ಷಣ ನಿಲ್ಲಿಸಿ. ಪಕ್ಕೆಲುಬಿನ ಒಂದೇ ಜಾಗದಲ್ಲಿ ಚುಚ್ಚುವ ನೋವು ಬಂದರೆ ಅದನ್ನು ಸ್ನಾಯುವಿನ ಹಿಡಿತವೆಂದು ತಳ್ಳಿಹಾಕಬೇಡಿ, ಹುಟ್ಟು ಹಾಕುವವರಲ್ಲಿ ಪಕ್ಕೆಲುಬಿನ ಸೂಕ್ಷ್ಮ ಬಿರುಕು ಅಪರೂಪವಲ್ಲ. ಕಾರ್ಯಕ್ರಮ ಮುಗಿದ ಮೇಲೆ ಒಂದೆರಡು ದಿನದಲ್ಲಿ ಮೂತ್ರ ಕಪ್ಪು ಕಂದು ಬಣ್ಣಕ್ಕೆ ತಿರುಗಿ ಸ್ನಾಯುಗಳು ಊದಿಕೊಂಡರೆ ಅದು ಸ್ನಾಯು ಒಡೆದು ಮೂತ್ರಪಿಂಡಕ್ಕೆ ಹೊರೆಯಾಗಿರುವ ಸೂಚನೆ, ಅಂದೇ ಆಸ್ಪತ್ರೆಗೆ ಹೋಗಬೇಕು. ಈ ಸಾಲುಗಳನ್ನು ಪ್ರತಿ ಸ್ಪರ್ಧಿಯ ಕೈಗೂ ಮುದ್ರಿಸಿ ಕೊಡಿ.

ನಿಲ್ಲಿಸುವಂತೆ ಹೇಳುವ ಅಧಿಕಾರ ಪ್ರಥಮ ಚಿಕಿತ್ಸೆ ತಿಳಿದ ಒಬ್ಬರಿಗೆ ಇರಲಿ, ಅವರ ಮಾತಿಗೆ ಎದುರು ಮಾತಿಲ್ಲ. ದೇಣಿಗೆ ಕೊಟ್ಟವರು ಎದುರಿಗೆ ಕುಳಿತಿರುವಾಗ ಯಾರೂ ತಾವಾಗಿ ನಿಲ್ಲಿಸುವುದಿಲ್ಲ. ಬೇರೊಬ್ಬರು ನಿಲ್ಲಿಸಬೇಕಾಗುತ್ತದೆ.

ಮಕ್ಕಳು, ಹಿರಿಯರು ಭಾಗವಹಿಸಬಹುದೇ?

ತಂಡದಲ್ಲಿ ಖಂಡಿತ. ಪಾದದ ಪಟ್ಟಿಗೆ ಕಾಲು ಸರಿಯಾಗಿ ಎಟುಕುವ ಮಕ್ಕಳಿಗೆ ಸರದಿಗೆ 200 ಮೀಟರ್ ಇಟ್ಟರೆ ಹೆಚ್ಚೆನಿಸುವುದಿಲ್ಲ. ಒಂಟಿ ಪೂರ್ತಿ ದೂರ ಹದಿನೆಂಟು ತುಂಬಿದವರಿಗೆ ಮಾತ್ರ. ಹಿರಿಯರಿಗೆ ಮೊಣಕಾಲಿಗೆ ಓಟದ ಹಾಗೆ ಪೆಟ್ಟು ಬೀಳದಿರುವುದು ಈ ಯಂತ್ರದ ದೊಡ್ಡ ಗುಣ. ಸೀಟು ತಗ್ಗಾಗಿರುವುದರಿಂದ ಕೂರಿಸಿ ಏಳಿಸಲು ಮಾತ್ರ ಒಬ್ಬರು ಬೇಕು.

ಅಂಗವಿಕಲರಿಗೆ ಅವಕಾಶ ಹೇಗೆ?

ಅಲುಗಾಡದ, ಒರಗು ಇರುವ ಸೀಟನ್ನು ಹಳಿಯ ಮೇಲೆ ಜೋಡಿಸಿದರೆ ಕಾಲಿನ ಬಲವಿಲ್ಲದವರು ತೋಳು ಮತ್ತು ಭುಜದಿಂದ ಎಳೆಯಬಹುದು. ಅಂತರರಾಷ್ಟ್ರೀಯ ಪ್ಯಾರಾ ರೋಯಿಂಗಿನಲ್ಲಿ ತೋಳು ಭುಜ ಮಾತ್ರ ಬಳಸುವವರು, ಮೈಯನ್ನೂ ಬಳಸುವವರು, ಕಾಲನ್ನೂ ಬಳಸಬಲ್ಲವರು ಎಂದು ಮೂರು ವಿಭಾಗಗಳಿವೆ. ಬರೀ ತೋಳಿನಿಂದ ಎಳೆಯುವವರ ಮೀಟರ್ ನಿಧಾನವಾಗಿಯೇ ಏರುತ್ತದೆ, ಆದ್ದರಿಂದ ದೂರದ ಬದಲು ಹೊತ್ತನ್ನು ಅಳತೆಯಾಗಿಡಿ. ದೃಷ್ಟಿ ಇಲ್ಲದವರಿಗೆ ಪಕ್ಕದಲ್ಲಿ ಕುಳಿತು ಅಂಕಿ ಓದಿ ಹೇಳುವವರು ಒಬ್ಬರಿದ್ದರೆ ಬೇರೇನೂ ಬೇಡ. ಗಾಲಿಯ ಸದ್ದೇ ಲಯ ಹೇಳಿಕೊಡುತ್ತದೆ. ಸಭಾಂಗಣಕ್ಕೆ ಇಳಿಜಾರು ದಾರಿ ಇದೆಯೇ, ಶೌಚಾಲಯಕ್ಕೆ ಗಾಲಿಕುರ್ಚಿ ಹೋಗುತ್ತದೆಯೇ ಎಂದು ಜಾಗ ಗೊತ್ತುಮಾಡುವ ಮೊದಲೇ ನೋಡಿ. ಆಮೇಲೆ ನೋಡಿದರೆ ಕ್ಷಮೆ ಕೇಳುವುದಷ್ಟೇ ಉಳಿಯುತ್ತದೆ.

ಯಂತ್ರಗಳನ್ನು ಎಲ್ಲಿಂದ ತರುವುದು? ಬೇರೆ ಬೇರೆ ತಯಾರಿಕೆಯವು ನಡೆಯುತ್ತವೆಯೇ?

ವ್ಯಾಯಾಮಶಾಲೆ, ಕಾಲೇಜು, ಮನೆಯಲ್ಲಿ ಇಟ್ಟುಕೊಂಡವರು. ಎರಡು ವಾರಕ್ಕೆ ಕೇಳಿದರೆ ಕೊಡುವುದಿಲ್ಲ, ಎರಡು ದಿನಕ್ಕೆ ಕೇಳಿದರೆ ಕೊಡುತ್ತಾರೆ. ತಂದ ದಿನವೇ ಪ್ರತಿ ಯಂತ್ರದ ಚಿತ್ರ ತೆಗೆದು, ಸ್ಥಿತಿ ಬರೆದು, ಒಡೆಯರ ಸಹಿ ಪಡೆಯಿರಿ.

ಗಾಳಿಯದು, ನೀರಿನ ತೊಟ್ಟಿಯದು, ಅಯಸ್ಕಾಂತದ್ದು ಎಂದು ಯಂತ್ರಗಳಲ್ಲಿ ಬಗೆಗಳಿವೆ. ಒಂದರ ಮೀಟರ್ ಇನ್ನೊಂದರ ಮೀಟರಿಗೆ ಸಮವಲ್ಲ. ಮೀಟರಿಗೆ ಇಷ್ಟೆಂದು ದೇಣಿಗೆ ಪಡೆಯುವಾಗ ಇದು ನ್ಯಾಯದ ಪ್ರಶ್ನೆ. ಎಲ್ಲವೂ ಒಂದೇ ಬಗೆಯದಾಗಿರಲಿ, ಆಗದಿದ್ದರೆ ಬೇರೆ ಬಗೆಯವನ್ನು ಮಕ್ಕಳ ಮೂಲೆಗೆ, ಮೈ ಬಿಸಿಮಾಡಿಕೊಳ್ಳಲು ಇಡಿ.

ಗಾಳಿಚಕ್ರದ ಸಾಮಾನ್ಯ ಯಂತ್ರ ಸುಮಾರು 2.4 ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ, 26 ಕಿಲೋ ಭಾರ. ಓಡಾಟಕ್ಕೂ ಸೇರಿಸಿ ಒಂದೊಂದಕ್ಕೂ 2.75 ಮೀಟರಿಗೆ 1.2 ಮೀಟರ್ ಜಾಗ ಬಿಡಿ. ಹಿಂದಿನ ದಿನ ಹಳಿಯನ್ನು ಒರೆಸಿ, ಸರಪಳಿಗೆ ಎಣ್ಣೆ ಸವರಿ. ಹಳಿಯ ಮೇಲಿನ ಕಪ್ಪು ಕೊಳೆಯೇ ಸೀಟನ್ನು ತಡವರಿಸುವಂತೆ ಮಾಡುತ್ತದೆ.

ವಿದ್ಯುತ್ ಹೋದರೆ?

ಗಾಳಿಚಕ್ರದ ಯಂತ್ರಕ್ಕೆ ವಿದ್ಯುತ್ ಬೇಡ, ಪರದೆ ಬ್ಯಾಟರಿಯಿಂದ ನಡೆಯುತ್ತದೆ. ಹೊಸ ಬ್ಯಾಟರಿ ಹಾಕಿ, ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ. ದೀಪ, ಫ್ಯಾನು, ದೊಡ್ಡ ತೆರೆ ನಿಲ್ಲುತ್ತವೆ. ಅದರಲ್ಲಿ ಫ್ಯಾನಿನ ಬಗ್ಗೆ ಮಾತ್ರ ಚಿಂತಿಸಿ. ದುಡಿಯುವ ಮೈ ಯಂತ್ರಕ್ಕೆ ಕೊಡುವ ಶಕ್ತಿಯ ಮೂರು ನಾಲ್ಕು ಪಟ್ಟನ್ನು ಶಾಖವಾಗಿ ಹೊರಹಾಕುತ್ತದೆ. ಹತ್ತು ಜನ ಮುಚ್ಚಿದ ಕೋಣೆಯಲ್ಲಿ ಎಳೆಯತೊಡಗಿದರೆ ಒಂದೇ ಗಂಟೆಯಲ್ಲಿ ಗಾಳಿ ಬೇಯುತ್ತದೆ. ಎದುರುಬದುರು ಕಿಟಕಿ ಇರುವ ಜಾಗವನ್ನೇ ಆರಿಸಿ.

ಮೀಟರುಗಳ ಲೆಕ್ಕ ಯಾರು ಇಡುತ್ತಾರೆ?

ಪರದೆಗಳನ್ನು ಗಣಕಯಂತ್ರಕ್ಕೆ ಜೋಡಿಸಿ ಎಲ್ಲರ ಹೆಸರಿನ ದೋಣಿಯ ಚಿತ್ರಗಳನ್ನೂ ದೊಡ್ಡ ತೆರೆಯ ಮೇಲೆ ಓಡಿಸುವ ತಂತ್ರಾಂಶವಿದೆ, ನೋಡುವವರಿಗೆ ಅದು ಹಬ್ಬ. ಆದರೆ ಅದನ್ನೇ ನಂಬಿ ಕೂರಬೇಡಿ. ಪ್ರತಿ ಯಂತ್ರಕ್ಕೂ ಒಬ್ಬರು ಹಾಳೆ ಹಿಡಿದು ಕುಳಿತು ಅರ್ಧ ಗಂಟೆಗೊಮ್ಮೆ ಅಂಕಿ ಬರೆದುಕೊಳ್ಳಲಿ, ಕೊನೆಯಲ್ಲಿ ಪರದೆಯ ಚಿತ್ರ ತೆಗೆಯಲಿ. ಒಂದು ವರ್ಷ ನಡುದಾರಿಯಲ್ಲಿ ತಂಡವೊಂದರ ಪರದೆ ಆರಿಹೋಯಿತು. ಹಾಳೆಯಲ್ಲಿ 31,500 ಎಂದು ಬರೆದಿತ್ತು. ಉಳಿದ 10,695 ಮೀಟರನ್ನು ಹೊಸದಾಗಿ ಹಾಕಿ ಅವರು ಮುಗಿಸಿದರು. ಪೆನ್ಸಿಲಿನ ಆ ಒಂದು ಸಾಲು ಇಲ್ಲದಿದ್ದರೆ ಹತ್ತು ಜನರ ಶ್ರಮಕ್ಕೆ ಸಾಕ್ಷಿ ಇರುತ್ತಿರಲಿಲ್ಲ.

ದೇಣಿಗೆ ಮೀಟರಿನ ಲೆಕ್ಕದಲ್ಲಿ ಪಡೆಯುವುದೋ, ಒಟ್ಟಾಗಿಯೋ?

ಕೊಡುವವರು ಆರಿಸಲಿ. ಸಾವಿರ ಮೀಟರಿಗೆ ಇಷ್ಟೆಂದು ಮಾತು ಕೊಟ್ಟವರು ಕಾರ್ಯಕ್ರಮದ ದಿನ ಬಂದು ನೋಡುತ್ತಾರೆ, ಅದು ದೊಡ್ಡ ಲಾಭ. ಆದರೆ ಈ ಬಗೆಯಲ್ಲಿ ಹಣ ಆಮೇಲೆ ವಸೂಲಾಗಬೇಕು, ಕೆಲವು ಮಾತುಗಳು ಮರೆತುಹೋಗುತ್ತವೆ. ಗರಿಷ್ಠ ಮೊತ್ತವನ್ನು ಅರ್ಜಿಯಲ್ಲೇ ಬರೆಸಿಕೊಳ್ಳಿ: ಸ್ಪರ್ಧಿ ಅಂದುಕೊಂಡದ್ದಕ್ಕಿಂತ ದೂರ ಹೋದರೆ ಕೊಟ್ಟವರು ಇಕ್ಕಟ್ಟಿಗೆ ಸಿಲುಕಬಾರದು. ಸ್ಪರ್ಧಿ ನಡುವೆ ನಿಂತರೆ ಏನು ಎಂಬುದೂ ಅಲ್ಲೇ ಇರಲಿ. ಮೈಗೆ ಆಗದೆ ನಿಂತವರ ಹಣವನ್ನು ಹಿಂದಕ್ಕೆ ಕೇಳಿದವರನ್ನು ನಾನು ಇದುವರೆಗೆ ಕಂಡಿಲ್ಲ.

ನಗದನ್ನು ಯಾವಾಗಲೂ ಇಬ್ಬರು ಕೂಡಿ ಎಣಿಸಿ, ಇಬ್ಬರೂ ಸಹಿ ಮಾಡಿ, ಎಷ್ಟೇ ಸಣ್ಣ ಮೊತ್ತಕ್ಕೂ ರಸೀದಿ ಕೊಡಿ. ಯಾರದೋ ಸ್ವಂತ ಖಾತೆಗೆ ಹಣ ಹೋಗಬಾರದು, ಆ ವ್ಯಕ್ತಿ ಎಷ್ಟೇ ನಂಬಿಕಸ್ಥರಾಗಿರಲಿ. ಸಣ್ಣ ಊರಿನಲ್ಲಿ ಅನುಮಾನ ಒಮ್ಮೆ ಹುಟ್ಟಿದರೆ ಅದು ಆ ವ್ಯಕ್ತಿಯ ಜೊತೆಗೇ ವರ್ಷಗಟ್ಟಲೆ ಬದುಕುತ್ತದೆ. ಲೆಕ್ಕ ಅವರನ್ನು ಕಾಯುವುದಕ್ಕಾಗಿಯೇ ಇದೆ.

ಖರ್ಚನ್ನು ದೇಣಿಗೆಯಿಂದ ಕಳೆಯಬಹುದೇ?

ಕಳೆಯದಿರಲು ಸಾಧ್ಯವಾದುದನ್ನೆಲ್ಲ ಮಾಡಿ. ಸಭಾಂಗಣ, ಸಾಗಣೆ, ಮುದ್ರಣ, ವಿಮೆ ಇವಕ್ಕೆ ನೋಂದಣಿ ಶುಲ್ಕ ಇಲ್ಲವೇ ಪ್ರಾಯೋಜಕರನ್ನು ಹುಡುಕಿ. ಕಳೆಯಲೇಬೇಕಾದರೆ ಭಿತ್ತಿಪತ್ರದಲ್ಲಿಯೇ ಹೇಳಿ. ಒಂದು ತಿಂಗಳೊಳಗೆ ಬಂದದ್ದು, ಹೋದದ್ದು, ತಲುಪಿದ್ದು ಎಂಬ ಮೂರು ಅಂಕಿಗಳನ್ನು ಸಭಾಂಗಣದ ಬಾಗಿಲಿಗೇ ಅಂಟಿಸಿ.

ಒಬ್ಬ ರೋಗಿಯ ಚಿಕಿತ್ಸೆಗಾಗಿ ಮಾಡುವುದು ಸರಿಯೇ?

ಸರಿ. ಆದರೆ ಇದರಷ್ಟು ಎಚ್ಚರ ಬೇಡುವುದು ಬೇರೆ ಇಲ್ಲ. ನಾಲ್ಕು ವಿಷಯಗಳನ್ನು ಮೊದಲೇ ಬರೆದಿಡಿ: ಹಣ ಕುಟುಂಬಕ್ಕೆ ಹೋಗುತ್ತದೆಯೋ ಆಸ್ಪತ್ರೆಗೋ, ಬೇಕಾದದ್ದಕ್ಕಿಂತ ಹೆಚ್ಚು ಬಂದರೆ ಏನು, ಕಡಿಮೆ ಬಂದರೆ ಏನು, ಕಾರ್ಯಕ್ರಮಕ್ಕೆ ಮೊದಲೇ ಆ ಜೀವ ಹೋದರೆ ಏನು. ಕೊನೆಯದನ್ನು ಕೇಳಲು ಬಾಯಿ ಬರುವುದಿಲ್ಲ. ಒಮ್ಮೆ ಕೇಳದೆ ಬಿಟ್ಟೆವು. ಆಮೇಲೆ ದುಃಖದಲ್ಲಿದ್ದ ಮನೆಯ ಬಾಗಿಲಿಗೆ ಹೋಗಿ ಹಣದ ಮಾತಾಡಬೇಕಾಯಿತು. ಆ ಸಂಜೆಯನ್ನು ನೆನೆದರೆ ಈಗಲೂ ಮನಸ್ಸು ಕುಗ್ಗುತ್ತದೆ.

ರೋಗಿಯ ಚಿತ್ರವನ್ನು ಒಪ್ಪಿಗೆ ಇಲ್ಲದೆ ಎಲ್ಲಿಯೂ ಹಾಕಬೇಡಿ. ಒಪ್ಪಿಗೆ ಇದ್ದರೂ ಹಾಸಿಗೆಯ ಮೇಲಿನ ಚಿತ್ರ ಬೇಡ. ವೇದಿಕೆ ಹತ್ತಿಸಿ ಕಷ್ಟ ಹೇಳಿಸಬೇಡಿ. ನೆರವು ಪಡೆದವರು ನಾಳೆ ಅದೇ ಬೀದಿಯಲ್ಲಿ ತಲೆಯೆತ್ತಿ ನಡೆಯಬೇಕು.

ಎಷ್ಟು ಸ್ವಯಂಸೇವಕರು ಬೇಕು?

ಯಂತ್ರಕ್ಕೆ ಇಬ್ಬರು, ಹಣಕ್ಕೆ ಇಬ್ಬರು, ಪ್ರಥಮ ಚಿಕಿತ್ಸೆಗೆ ಒಬ್ಬರು, ಬಾಗಿಲಿಗೆ ಒಬ್ಬರು, ಒರೆಸುವ ಬಟ್ಟೆ ಹಿಡಿದು ಸುತ್ತುವವರು ಒಬ್ಬರು. ಮೂರು ಗಂಟೆಗೊಮ್ಮೆ ಇವರೂ ಬದಲಾಗಲಿ.

ಎಲ್ಲರೂ ಮುಗಿಸಿ ಒಬ್ಬರು ಮಾತ್ರ ಉಳಿದರೆ ಏನು ಮಾಡಬೇಕು?

ಇದು ಪ್ರತಿ ಬಾರಿಯೂ ಆಗುತ್ತದೆ. ಬಹುಮಾನ ಹಂಚಿ, ಭಾಷಣ ಮುಗಿಸಿ, ಕುರ್ಚಿ ಮಡಿಸುವ ಸದ್ದು ಶುರುವಾಗಿರುತ್ತದೆ. ಮೂಲೆಯ ಯಂತ್ರದಲ್ಲಿ ಒಬ್ಬರು 6,000 ಮೀಟರ್ ಉಳಿಸಿಕೊಂಡು ಎಳೆಯುತ್ತಿರುತ್ತಾರೆ, ಅಂದರೆ ಇನ್ನೂ ಮೂವತ್ತಾರು ನಿಮಿಷ.

ಮೊದಲು ಪ್ರಥಮ ಚಿಕಿತ್ಸೆಯವರು ಹೋಗಿ ಮಾತಾಡಿಸಲಿ. ಉತ್ತರ ಸ್ಪಷ್ಟವಾಗಿದ್ದರೆ, ಮುಖದ ಬಣ್ಣ ಸರಿ ಇದ್ದರೆ, ಅವರಿಗೇ ಮುಂದುವರಿಯುವ ಮನಸ್ಸಿದ್ದರೆ ಮುಂದುವರಿಯಲಿ. ಬಹುಮಾನ ವಿತರಣೆಯನ್ನು ಅವರ ಸೊನ್ನೆಯ ನಂತರಕ್ಕೆ ಇಡಿ. ಮುಗಿಸಿದವರಲ್ಲಿ ಕಾಲಿನಲ್ಲಿ ಇನ್ನೂ ಕಸುವಿರುವವರು ಅಕ್ಕಪಕ್ಕದ ಎರಡು ಯಂತ್ರಗಳಲ್ಲಿ ಕುಳಿತು ಅವರದೇ ಲಯದಲ್ಲಿ ಎಳೆಯಲಿ, ಒಂದು ಎಳೆತವೂ ಮುಂದೆ ಹೋಗದಂತೆ. ಮಾತು ಬೇಡ, ಕೂಗಿ ಹುರಿದುಂಬಿಸುವುದೂ ಬೇಡ, ಆ ಹೊತ್ತಿಗೆ ಕೂಗು ಕಿವಿಗೆ ಇರಿಯುತ್ತದೆ. ಮೂರು ಗಾಲಿಗಳ ಸದ್ದು ಒಂದಾಗಿ ಕೇಳತೊಡಗಿದರೆ ಸಾಕು. ಫ್ಯಾನನ್ನು ಅವರ ಕಡೆ ತಿರುಗಿಸಿ, ನೀರನ್ನು ಎಟುಕುವಲ್ಲಿ ಇಡಿ, ಮುಗಿದ ಕೂಡಲೇ ಏಳಲು ಬಿಡದೆ ಎರಡು ನಿಮಿಷ ಸೀಟಿನ ಮೇಲೆಯೇ ಕೂರಿಸಿ. ಕುರ್ಚಿಗಳನ್ನು ಆಮೇಲೆ ಮಡಿಸಬಹುದು.